ತಿರುಗಾಟವೆಂಬ ದುಡಿಮೆ: ತೆಂಕುತಿಟ್ಟಿನ ವೃತ್ತಿಮೇಳಗಳು ಮತ್ತು ‘ಸೃಜನಶೀಲ ಉದ್ಯಮ’ದ ಪರಿಕಲ್ಪನೆ

ಯಕ್ಷಗಾನವನ್ನು ಕುರಿತ ಕನ್ನಡದ ವಿದ್ವತ್ ಪರಂಪರೆ ಸಮೃದ್ಧವಾದುದು. ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟ, ಅಮೃತ ಸೋಮೇಶ್ವರ ಮೊದಲಾದವರ ಅಧ್ಯಯನಗಳಿಂದ ಪ್ರಸಂಗಕರ್ತರ ಕಾಲ, ತಿಟ್ಟುಗಳ ಭೇದ, ವೇಷವಿಧಾನ, ರಂಗಕ್ರಮ, ಅರ್ಥಗಾರಿಕೆಗಳ ಸ್ವರೂಪ ಬಹುಮಟ್ಟಿಗೆ ಸ್ಪಷ್ಟವಾಗಿದೆ. ಆದರೆ ಈ ಕಲೆಯನ್ನು ಪ್ರತಿರಾತ್ರಿ ರಂಗಸ್ಥಳದ ಮೇಲೆ ನಿಲ್ಲಿಸುವ ಕಲಾವಿದನ ದುಡಿಮೆ ಒಂದು ಅಧ್ಯಯನ ವಸ್ತುವಾಗಿ ಅಷ್ಟಾಗಿ ರೂಪುಗೊಂಡಿಲ್ಲ. ಕಲಾವಿದನನ್ನು ಪ್ರತಿಭೆಯ ನೆಲೆಯಿಂದ ನೋಡುವುದು ರೂಢಿಯಾಗಿದೆಯೇ ಹೊರತು, ಸಂಬಳ, ಕರಾರು, ನಿದ್ರೆ, ವೃದ್ಧಾಪ್ಯ ಇವುಗಳ ನೆಲೆಯಿಂದ ನೋಡುವುದು ವಿರಳ. ಸಾಂಸ್ಕೃತಿಕ ಹಾಗೂ ಸೃಜನಶೀಲ ಉದ್ಯಮಗಳಲ್ಲಿನ ದುಡಿಮೆಯನ್ನು ಕುರಿತು ಜಗತ್ತಿನ ಬೇರೆಡೆ ನಡೆದಿರುವ ಚಿಂತನೆಯ ಹಿನ್ನೆಲೆಯಲ್ಲಿ ತೆಂಕುತಿಟ್ಟಿನ ವೃತ್ತಿಮೇಳಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ಪುತ್ತೂರು, ಸುಳ್ಯ, ಕಡಬ ಭಾಗದ, ವಿಶೇಷವಾಗಿ ಘಟ್ಟದ ಬುಡದ ಗುಂಡ್ಯ ಪರಿಸರದ ಆಟದ ವ್ಯವಸ್ಥೆಯನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

೧. ಪರಿಕಲ್ಪನೆಯ ಹಿನ್ನೆಲೆ

‘ಸಂಸ್ಕೃತಿ ಉದ್ಯಮ’ ಎಂಬ ಮಾತನ್ನು 1940ರ ದಶಕದಲ್ಲಿ ಅಡೋರ್ನೊ ಮತ್ತು ಹಾರ್ಕ್‌ಹೈಮರ್ ಬಳಸಿದ್ದು ಟೀಕೆಯ ಅರ್ಥದಲ್ಲಿ. ಚಲನಚಿತ್ರ, ರೇಡಿಯೊಗಳ ಮೂಲಕ ಸಂಸ್ಕೃತಿಯು ಕಾರ್ಖಾನೆಯ ಸರಕಿನಂತೆ ಉತ್ಪಾದನೆಯಾಗುತ್ತಿದೆ ಎಂಬುದು ಅವರ ಆತಂಕವಾಗಿತ್ತು. ಅರ್ಧ ಶತಮಾನದ ಅನಂತರ ಅದೇ ಮಾತು ಹೊಗಳಿಕೆಯಾಗಿ ಮಾರ್ಪಟ್ಟಿತು. 1998ರಲ್ಲಿ ಬ್ರಿಟನ್ ಸರ್ಕಾರ ಜಾಹೀರಾತು, ವಿನ್ಯಾಸ, ತಂತ್ರಾಂಶ, ಪ್ರದರ್ಶನ ಕಲೆ ಮೊದಲಾದ 13 ಕ್ಷೇತ್ರಗಳನ್ನು ‘ಸೃಜನಶೀಲ ಉದ್ಯಮ’ಗಳೆಂದು ಒಟ್ಟುಗೂಡಿಸಿ, ಅವನ್ನು ಆರ್ಥಿಕ ಬೆಳವಣಿಗೆಯ ಮೂಲಗಳೆಂದು ಗುರುತಿಸಿತು.

ಈ ಪರಿಕಲ್ಪನೆಯನ್ನು ಅತ್ಯಂತ ವ್ಯಾಪಕವಾಗಿ ಜಾರಿಗೆ ತಂದ ದೇಶ ಚೀನಾ. 2001ರಲ್ಲಿ ಆರಂಭವಾದ ಅಲ್ಲಿನ ಹತ್ತನೆಯ ಪಂಚವಾರ್ಷಿಕ ಯೋಜನೆ ‘ಸಂಸ್ಕೃತಿ ಉದ್ಯಮ’ಕ್ಕೆ ಅಧಿಕೃತ ಸ್ಥಾನ ನೀಡಿತು. ಬೀಜಿಂಗ್ ನಗರ 2006ರ ಹೊತ್ತಿಗೆ ‘ಸಾಂಸ್ಕೃತಿಕ ಸೃಜನಶೀಲ ಉದ್ಯಮ’ ಎಂಬ ಸಂಯುಕ್ತ ಪದವನ್ನೇ ತನ್ನ ನೀತಿಯಾಗಿ ಸ್ವೀಕರಿಸಿತು. ಸರ್ಕಾರಿ ಸಂಬಳದ ನಾಟಕ ಮಂಡಳಿಗಳಲ್ಲಿ ಹೆಚ್ಚಿನವು 2012ರ ವೇಳೆಗೆ ಕಂಪನಿಗಳಾಗಿ ಪರಿವರ್ತನೆಗೊಂಡವು. ಬೀಜಿಂಗಿನ ಹಳೆಯ ‘798’ ಕಾರ್ಖಾನೆಯ ಕಟ್ಟಡಗಳಲ್ಲಿ ಕಡಿಮೆ ಬಾಡಿಗೆಗೆ ನೆಲೆಸಿದ ಚಿತ್ರಕಾರರಿಂದಾಗಿ ಆ ಪ್ರದೇಶ ಖ್ಯಾತಿ ಪಡೆಯಿತು. ಖ್ಯಾತಿಯಿಂದ ಬಾಡಿಗೆ ಏರಿತು, ಏರಿದ ಬಾಡಿಗೆಯನ್ನು ಭರಿಸಲಾರದೆ ಅನೇಕ ಚಿತ್ರಕಾರರೇ ಅಲ್ಲಿಂದ ಹೊರನಡೆಯಬೇಕಾಯಿತು. ಉದ್ಯಮದ ಒಟ್ಟು ಬೆಳವಣಿಗೆಯೂ ಅದರೊಳಗಿನ ದುಡಿಮೆಗಾರನ ಭದ್ರತೆಯೂ ಒಂದೇ ಅಲ್ಲ ಎಂಬುದಕ್ಕೆ ಇದು ನಿದರ್ಶನ.

ಆದರೆ ಯಕ್ಷಗಾನದ ಅಧ್ಯಯನಕ್ಕೆ ಹೆಚ್ಚು ಸಮೀಪವಾದುದು ಚೀನಾದ ಮತ್ತೊಂದು ಮುಖ. ಜೆಜಿಯಾಂಗ್, ಫುಜಿಯಾನ್ ಪ್ರಾಂತಗಳ ಹಳ್ಳಿಗಳಲ್ಲಿ ಗ್ರಾಮದೇವತೆಯ ಉತ್ಸವಕ್ಕೆ, ಹರಕೆಗೆ ಖಾಸಗಿ ಗೀತನಾಟಕ ಮಂಡಳಿಗಳನ್ನು ಕರೆಸುವ ಪದ್ಧತಿ ಇಂದಿಗೂ ಉಳಿದಿದೆ. ಅಲ್ಲಿ ನಟರು ಊರಿಂದೂರಿಗೆ ತಿರುಗುತ್ತಾರೆ, ಆಟದ ಖರ್ಚನ್ನು ಊರವರು ಭರಿಸುತ್ತಾರೆ, ಪ್ರೇಕ್ಷಕನಿಗೆ ಟಿಕೇಟಿಲ್ಲ. ಕರಾವಳಿಯ ಹರಕೆ ಆಟವನ್ನು ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು.

೨. ಗುಂಡ್ಯ ಪರಿಸರ ಮತ್ತು ಆಟದ ಆರ್ಥಿಕತೆ

ಗುಂಡ್ಯವು ಶಿರಾಡಿ ಘಾಟಿಯ ಬುಡದಲ್ಲಿ, ಮಂಗಳೂರು-ಬೆಂಗಳೂರು ಹೆದ್ದಾರಿಯಿಂದ ಸುಬ್ರಹ್ಮಣ್ಯದ ರಸ್ತೆ ಕವಲೊಡೆಯುವ ಎಡೆ. ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದ ಈ ಭಾಗ ಈಗ ಕಡಬ ತಾಲೂಕಿನಲ್ಲಿದೆ. ದಟ್ಟವಾದ ಕಾಡು, ಹೊಳೆ, ಅಡಿಕೆ ಮತ್ತು ರಬ್ಬರ್ ತೋಟಗಳು, ಒಂದಕ್ಕೊಂದು ದೂರವಾದ ಮನೆಗಳು ಇಲ್ಲಿಯ ಜನವಸತಿಯ ಲಕ್ಷಣ. ತುಳು, ಕನ್ನಡ, ಅರೆಭಾಷೆ, ಮಲಯಾಳಂಗಳು ಇಲ್ಲಿ ಬೆರೆತು ಬಳಕೆಯಲ್ಲಿವೆ. ಇಂತಹ ಪರಿಸರದಲ್ಲಿ ಸ್ಥಿರವಾದ ನಾಟಕ ಮಂದಿರ ಬೆಳೆಯುವುದು ಸಾಧ್ಯವಿರಲಿಲ್ಲ. ಜನರು ರಂಗಭೂಮಿಯ ಬಳಿಗೆ ಹೋಗುವ ಬದಲು ರಂಗಭೂಮಿಯೇ ಪೆಟ್ಟಿಗೆ ಹೊತ್ತು ಜನರ ಬಳಿಗೆ ಬರುವ ‘ತಿರುಗಾಟ’ ಈ ನೆಲಕ್ಕೆ ಒಪ್ಪುವ ಕ್ರಮವಾಯಿತು.

ತಿರುಗಾಟದ ಕಾಲವನ್ನು ನಿರ್ಧರಿಸಿರುವುದು ಮಳೆ. ದೀಪಾವಳಿಯ ಅನಂತರ, ಸಾಮಾನ್ಯವಾಗಿ ನವೆಂಬರ್‌ನಲ್ಲಿ, ಮೇಳಗಳು ಹೊರಡುತ್ತವೆ. ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಅಂದರೆ ಮೇ ತಿಂಗಳ ಕೊನೆಯ ಭಾಗದಲ್ಲಿ, ಗೆಜ್ಜೆ ಬಿಚ್ಚುತ್ತವೆ. ಆರು ತಿಂಗಳಿಗೂ ಮಿಕ್ಕಿದ ಈ ಅವಧಿಯಲ್ಲಿ ಕಲಾವಿದನಿಗೆ ಬಹುತೇಕ ಪ್ರತಿರಾತ್ರಿಯೂ ಆಟ.

ಆಟದ ಆರ್ಥಿಕತೆಯಲ್ಲಿ ಎರಡು ಮಾದರಿಗಳನ್ನು ಗುರುತಿಸಬಹುದು. ಮೊದಲನೆಯದು ಹರಕೆ ಅಥವಾ ಸೇವೆಯಾಟ. ಧರ್ಮಸ್ಥಳ, ಕಟೀಲು ಮೊದಲಾದ ಕ್ಷೇತ್ರಗಳ ಹೆಸರಿನ ಮೇಳವನ್ನು ಸೇವಾಕರ್ತನು ನಿಗದಿತ ಹಣ ಸಲ್ಲಿಸಿ ತನ್ನ ಅಂಗಳಕ್ಕೋ ಕೊಯ್ಲಾದ ಗದ್ದೆಗೋ ಬರಮಾಡಿಕೊಳ್ಳುತ್ತಾನೆ. ಕಟೀಲು ಮೇಳಗಳ ಆಟಕ್ಕೆ ಹಲವು ವರ್ಷ ಮುಂಚಿತವಾಗಿ ಹೆಸರು ನೋಂದಾಯಿಸಿ ಕಾಯಬೇಕಾಗುವಷ್ಟು ಬೇಡಿಕೆಯಿದೆ. ಎರಡನೆಯದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಪ್ರವರ್ಧಮಾನಕ್ಕೆ ಬಂದ ಡೇರೆ ಮೇಳ. ಇಲ್ಲಿ ಬಂಡವಾಳ ಯಜಮಾನನದು, ಲಾಭನಷ್ಟವೂ ಅವನದೇ, ತೀರ್ಪು ಟಿಕೇಟು ಕೊಂಡ ಪ್ರೇಕ್ಷಕನದು. ತುಳು ಪ್ರಸಂಗಗಳ ವಿಪುಲ ಬೆಳೆಗೆ, ತಾರಾಮೌಲ್ಯಕ್ಕೆ, ಜಾಹೀರಾತಿನ ಭಾಷೆಗೆ ಈ ಮಾದರಿಯೇ ಕಾರಣ. ದೂರದರ್ಶನ, ವೀಡಿಯೊಗಳು ಹರಡಿದ ಮೇಲೆ ತೆಂಕಿನಲ್ಲಿ ಡೇರೆ ಮೇಳಗಳು ಒಂದೊಂದಾಗಿ ಕ್ಷೀಣಿಸಿದವು. ಹರಕೆ ಮೇಳಗಳು ಉಳಿದುವಲ್ಲದೆ ಬೆಳೆದವು. ಮಾರುಕಟ್ಟೆಗೆ ನೇರವಾಗಿ ಒಡ್ಡಿಕೊಂಡ ಮಾದರಿ ಸೋತು, ನಂಬಿಕೆಯನ್ನು ಆಶ್ರಯಿಸಿದ ಮಾದರಿ ಗೆದ್ದದ್ದು ‘ಸೃಜನಶೀಲ ಉದ್ಯಮ’ದ ಸಿದ್ಧಾಂತಿಗಳು ಗಮನಿಸಬೇಕಾದ ಅಂಶ.

ಆದರೆ ಈ ಗೆಲುವಿನೊಳಗೆ ಒಂದು ತೊಡಕಿದೆ. ಟಿಕೇಟಿನ ಆಟದಲ್ಲಿ ಕಲಾವಿದನ ಹೆಸರಿಗೆ ಬೆಲೆಯಿತ್ತು. ಆತ ಮೇಳ ಬಿಟ್ಟರೆ ಯಜಮಾನನಿಗೆ ನಷ್ಟವಾಗುತ್ತಿತ್ತು. ಹರಕೆಯ ಆಟದಲ್ಲಾದರೋ ಸೇವಾಕರ್ತನು ಬಯಸುವುದು ದೇವಿಯ ಆಟವನ್ನು. ಯಾವ ಕಲಾವಿದ ಬಂದರೂ ಹರಕೆ ಸಲ್ಲುತ್ತದೆ. ಇದರಿಂದ ದುಡಿಮೆಗೆ ನಿಶ್ಚಿತತೆ ದೊರೆಯಿತು, ಚೌಕಾಸಿಯ ಬಲ ಕುಗ್ಗಿತು.

೩. ದುಡಿಮೆಯ ಸ್ವರೂಪ

ಮೇಳವು ಬಹು ವೃತ್ತಿಗಳ ಕೂಟ. ಹಿಮ್ಮೇಳದಲ್ಲಿ ಭಾಗವತ, ಮದ್ದಳೆ-ಚೆಂಡೆಗಾರರು, ಚಕ್ರತಾಳದವರು; ಮುಮ್ಮೇಳದಲ್ಲಿ ಬಣ್ಣದ ವೇಷ, ಕಿರೀಟ ವೇಷ, ಪುಂಡುವೇಷ, ಸ್ತ್ರೀವೇಷ, ಹಾಸ್ಯಗಾರ ಎಂಬ ವಿಭಾಗ. ಇವರಲ್ಲದೆ ವೇಷಭೂಷಣ ಕಟ್ಟುವ ನೇಪಥ್ಯದವರು, ರಂಗಸ್ಥಳ ನಿಲ್ಲಿಸುವವರು, ದೀಪ-ಧ್ವನಿಯವರು, ಅಡುಗೆಯವರು, ಚಾಲಕರು ಇದ್ದಾರೆ. ಸಂಬಳದಲ್ಲಿ ಭಾಗವತನಿಂದ ಕೋಡಂಗಿಯವರೆಗೆ ದೊಡ್ಡ ಅಂತರವಿರುತ್ತದೆ. ಕೋಡಂಗಿ, ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷಗಳಿಂದ ಮೇಲೇರುವ ಕ್ರಮವೇ ಈ ವೃತ್ತಿಯ ಶಿಕ್ಷಣವೂ ಹೌದು, ಬಡ್ತಿಯೂ ಹೌದು. ಧರ್ಮಸ್ಥಳದ ಲಲಿತಕಲಾ ಕೇಂದ್ರದಂತಹ ತರಬೇತಿ ಸಂಸ್ಥೆಗಳು ಬಂದ ಮೇಲೂ ರಂಗಸ್ಥಳದಲ್ಲಿ ನಿಂತು ಕಲಿಯುವ ಈ ಪಾಠಕ್ಕೆ ಪರ್ಯಾಯವಿಲ್ಲ.

ಕಲಾವಿದನ ದಿನಚರಿ ಸಾಮಾನ್ಯ ದುಡಿಮೆಗಾರನದಕ್ಕೆ ತೀರ ವಿರುದ್ಧವಾದುದು. ಸಂಜೆ ಚೌಕಿಯಲ್ಲಿ ಪೂಜೆ, ಬಳಿಕ ಬಣ್ಣ. ಬಣ್ಣದ ವೇಷದವನು ಅಕ್ಕಿಹಿಟ್ಟಿನ ಚುಟ್ಟಿಯನ್ನು ಒಂದೊಂದಾಗಿ ಇಡಲು ಗಂಟೆಗಟ್ಟಲೆ ಕುಳಿತು, ರಂಗಪ್ರವೇಶ ಮಾಡುವುದು ನಡುರಾತ್ರಿ ಕಳೆದ ಮೇಲೆ. ಬೆಳಗ್ಗೆ ವೇಷ ಬಿಚ್ಚಿ ಮುಂದಿನ ಬಿಡಾರಕ್ಕೆ ಹೊರಡಬೇಕು. ರಾತ್ರಿಯ ನಿದ್ರೆಯಿಲ್ಲದ ತಿಂಗಳುಗಳು, ಭಾರವಾದ ಕಿರೀಟ, ದಿಗಿಣದಿಂದ ಸವೆಯುವ ಮಂಡಿ ಈ ವೃತ್ತಿಯ ದೈಹಿಕ ವೆಚ್ಚಗಳು. ಪುಂಡುವೇಷದವನ ಕಾಲು ಸೋತಾಗ ಆತ ಬೇರೆ ವೇಷಕ್ಕೆ ಹೊರಳಬೇಕಾಗುತ್ತದೆ, ಇಲ್ಲವೇ ಮೇಳ ಬಿಡಬೇಕಾಗುತ್ತದೆ.

ಮಳೆಗಾಲ ಮತ್ತೊಂದು ಸಮಸ್ಯೆ. ಪತ್ತನಾಜೆಯ ಅನಂತರದ ಐದಾರು ತಿಂಗಳಲ್ಲಿ ಕೆಲವರು ಕೃಷಿಗೆ ಮರಳಿದರೆ, ಕೆಲವರು ಮನೆಮನೆಗೆ ಹೋಗುವ ಚಿಕ್ಕಮೇಳಗಳನ್ನು ಸೇರುತ್ತಾರೆ, ಅರ್ಥಧಾರಿಗಳಿಗೆ ತಾಳಮದ್ದಳೆಯುಂಟು. ಬೇಡಿಕೆಯುಳ್ಳ ಕಲಾವಿದರು ಬೆಂಗಳೂರು, ಮುಂಬಯಿಗಳ ಸಭಾಂಗಣಗಳಿಗೆ ಹೋಗುತ್ತಾರೆ. ಆಗ ಗುಂಡ್ಯದ ಮೂಲಕ ಘಟ್ಟವೇರುವ ದಾರಿಯೇ ಅವರ ಮಳೆಗಾಲದ ಜೀವನಮಾರ್ಗ. 2018ರ ಆಗಸ್ಟಿನಲ್ಲಿ ಭೂಕುಸಿತದಿಂದ ಶಿರಾಡಿ ಘಾಟಿಯ ಸಂಚಾರ ನಿಂತಂತಹ ಸಂದರ್ಭದಲ್ಲಿ ಈ ಬದುಕು ಎಷ್ಟು ತೆಳುವಾದ ಎಳೆಯನ್ನು ಆಶ್ರಯಿಸಿದೆಯೆಂಬುದು ಗೋಚರವಾಗುತ್ತದೆ. ಹಿಂದಿನ ತಲೆಮಾರಿನವರಿಗೆ ಮಳೆಗಾಲವೆಂದರೆ ಯಜಮಾನರಿಂದ ಪಡೆವ ಮುಂಗಡದ ಕಾಲ. ಆ ಮುಂಗಡ ಸಾಲವೂ ಆಗಿತ್ತು, ಮುಂದಿನ ತಿರುಗಾಟಕ್ಕೆ ಕಟ್ಟಿಹಾಕುವ ಕರಾರೂ ಆಗಿತ್ತು.

ಈ ವೃತ್ತಿ ಬಹುಕಾಲ ಪುರುಷರದಾಗಿಯೇ ಇತ್ತು. 2024ರಲ್ಲಿ ನಿಧನರಾದ ಲೀಲಾವತಿ ಬೈಪಾಡಿತ್ತಾಯರು ವೃತ್ತಿಮೇಳಗಳಲ್ಲಿ ಭಾಗವತಿಕೆ ನಡೆಸಿ ಆ ಗಡಿಯನ್ನು ದಾಟಿದರು. ಹವ್ಯಾಸಿ ರಂಗದಲ್ಲಿ ಇಂದು ಹೆಣ್ಣುಮಕ್ಕಳ ಸಂಖ್ಯೆ ಗಣನೀಯವಾಗಿದ್ದರೂ, ರಾತ್ರಿಯ ತಿರುಗಾಟ ಮತ್ತು ಬಿಡಾರದ ವಾಸವನ್ನು ಆಧರಿಸಿದ ವೃತ್ತಿಯ ರಚನೆ ಅವರಿಗೆ ಎಡೆಮಾಡಿಕೊಟ್ಟಿಲ್ಲ. ತಡೆಯಿರುವುದು ಕಲೆಯಲ್ಲಿ ಅಲ್ಲ, ಕೆಲಸದ ಏರ್ಪಾಟಿನಲ್ಲಿ.

೪. ಕಾಲಮಿತಿಯ ಪ್ರಶ್ನೆ

ಇಡೀ ರಾತ್ರಿಯ ಆಟವನ್ನು ಐದಾರು ಗಂಟೆಗಳಿಗೆ ಇಳಿಸುವ ‘ಕಾಲಮಿತಿ’ ಪದ್ಧತಿಯನ್ನು ಈವರೆಗೆ ಹೆಚ್ಚಾಗಿ ಸೌಂದರ್ಯದ ದೃಷ್ಟಿಯಿಂದ ಚರ್ಚಿಸಲಾಗಿದೆ. ರಾತ್ರಿ 10ರ ಅನಂತರ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ದ ಶಬ್ದಮಾಲಿನ್ಯ ನಿಯಮಗಳು ಇದಕ್ಕೆ ಕಾನೂನಿನ ಒತ್ತಡವನ್ನೂ ತಂದವು. 2022ರ ತಿರುಗಾಟದಲ್ಲಿ ಕಟೀಲು ಮೇಳಗಳೂ ಕಾಲಮಿತಿಗೆ ಹೊರಳಿದಾಗ ಭಕ್ತರ ವಿರೋಧ ವ್ಯಕ್ತವಾಯಿತು.

ದುಡಿಮೆಯ ದೃಷ್ಟಿಯಿಂದ ನೋಡಿದರೆ ಕಾಲಮಿತಿ ಎರಡು ಬಾಯಿಯ ಖಡ್ಗ. ಕಲಾವಿದನಿಗೆ ನಿದ್ರೆ ದೊರೆಯುತ್ತದೆ, ಹಗಲು ಬೇರೆ ಉದ್ಯೋಗ ಸಾಧ್ಯವಾಗುತ್ತದೆ, ಕುಟುಂಬದೊಡನೆ ಬಾಳಲು ಅವಕಾಶವಾಗುತ್ತದೆ. ಅದೇ ವೇಳೆಗೆ ಬಿಡಾರದ ಸಾಮೂಹಿಕ ಜೀವನ ಸಡಿಲಗೊಂಡು, ಆಟ ಮುಗಿಸಿ ನಡುರಾತ್ರಿ ದ್ವಿಚಕ್ರ ವಾಹನದಲ್ಲಿ ದೂರದ ಮನೆಗೆ ಮರಳುವ ಅಪಾಯ ಹೊಸದಾಗಿ ಸೇರಿಕೊಂಡಿದೆ. ಇದಕ್ಕಿಂತ ಗಂಭೀರವಾದುದು ಮತ್ತೊಂದು ಪರಿಣಾಮ. ಸಮಯ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ ಮತ್ತು ಸಣ್ಣ ಪಾತ್ರಗಳಿಗೆ. ಹೊಸಬನು ಹೆಜ್ಜೆ ಕಲಿಯುವ ಮೆಟ್ಟಿಲೇ ಅದು. ಪ್ರೇಕ್ಷಕನು ಕಳೆದುಕೊಳ್ಳುವುದು ಕೆಲವು ಗಂಟೆಗಳ ಆಟವನ್ನು, ವೃತ್ತಿಯು ಕಳೆದುಕೊಳ್ಳುವುದು ಮುಂದಿನ ತಲೆಮಾರಿನ ಪಾಠಶಾಲೆಯನ್ನು.

೫. ಸೃಷ್ಟಿ ಯಾರದು?

ಸೃಜನಶೀಲ ಉದ್ಯಮದ ಕೇಂದ್ರದಲ್ಲಿರುವುದು ಕೃತಿಸ್ವಾಮ್ಯ. ಯಕ್ಷಗಾನಕ್ಕೆ ಸಂಬಂಧಿಸಿ ಇದರ ಮಹತ್ವದ ನಿದರ್ಶನ ಕಾರಂತರ ಯಕ್ಷಗಾನ ಬ್ಯಾಲೆಗಳ ಮೊಕದ್ದಮೆ. ಕಾರಂತರು ರೂಪಿಸಿದ ಪ್ರಯೋಗವನ್ನು ಅವರ ನಿಧನಾನಂತರ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಪ್ರದರ್ಶಿಸಿದಾಗ ಎದ್ದ ವ್ಯಾಜ್ಯ 2009ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ಬ್ಯಾಲೆಯು ಕಾನೂನಿನ ಅರ್ಥದಲ್ಲಿ ನಾಟಕಕೃತಿಯೆಂದೂ, ಅದರ ಸ್ವಾಮ್ಯ ಕಾರಂತರ ಉಯಿಲಿನಂತೆ ವಾರಸುದಾರರಿಗೆ ಸಂದಿದೆಯೆಂದೂ ತೀರ್ಮಾನವಾಯಿತು. ಪ್ರವೇಶ ಶುಲ್ಕವಿಲ್ಲದ ಪ್ರದರ್ಶನಗಳಂತಹ ಕಾನೂನುಸಮ್ಮತ ವಿನಾಯಿತಿಗಳನ್ನು ಮಾತ್ರ ಸಂಸ್ಥೆಗೆ ಉಳಿಸಲಾಯಿತು.

ಈ ತೀರ್ಪಿನ ಹಿಂದಿರುವ ತತ್ತ್ವ ಗಮನಾರ್ಹ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ನಾಟಕಕೃತಿಯು ಬರಹದಲ್ಲೋ ಬೇರೆ ರೀತಿಯಲ್ಲೋ ಸ್ಥಿರಗೊಂಡಿರಬೇಕು. ಮೇಳದ ಕಲಾವಿದನ ಸೃಷ್ಟಿಯಾದರೋ ಸ್ಥಿರಗೊಳ್ಳದಿರುವುದರಲ್ಲಿಯೇ ತನ್ನ ಜೀವವನ್ನು ಇರಿಸಿಕೊಂಡಿದೆ. ಪ್ರಸಂಗದ ಪದ್ಯ ಕವಿಯದು. ಅದಕ್ಕೆ ಅರ್ಥ ಹೇಳುವವನು ಆ ರಾತ್ರಿ, ಆ ಎದುರಾಳಿಗೆ, ಆಗಲೇ ಮಾತು ಕಟ್ಟುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಅರ್ಥಧಾರಿಗಳ ಕೀರ್ತಿ ನಿಂತಿರುವುದು ಹೀಗೆ ಕಟ್ಟಿದ ಮಾತಿನ ಮೇಲೆ. ಬರೆದಿಡದ ಆ ಮಾತಿಗೆ ಕೃತಿಸ್ವಾಮ್ಯವಿಲ್ಲ.

ಕಾನೂನು ಆತನನ್ನು ಪೂರ್ಣವಾಗಿ ಕೈಬಿಟ್ಟಿಲ್ಲ. 1994ರಲ್ಲಿ ಸೇರ್ಪಡೆಯಾಗಿ 2012ರಲ್ಲಿ ವಿಸ್ತಾರಗೊಂಡ ‘ಪ್ರದರ್ಶಕರ ಹಕ್ಕು’, ಪ್ರದರ್ಶನವನ್ನು ಮುದ್ರಿಸಿಕೊಳ್ಳುವ ಮತ್ತು ಪ್ರಸಾರ ಮಾಡುವ ವಿಷಯದಲ್ಲಿ ಕಲಾವಿದನಿಗೆ 50 ವರ್ಷಗಳ ಅಧಿಕಾರ ನೀಡಿದೆ. ಆದರೆ ಲಿಖಿತ ಕರಾರಿಲ್ಲದ ವೃತ್ತಿಯಲ್ಲಿ ಈ ಹಕ್ಕು ಬಳಕೆಗೆ ಬರುವುದು ಕಷ್ಟ. 2020ರ ಮಾರ್ಚಿನಲ್ಲಿ ಕೊರೋನಾದಿಂದ ತಿರುಗಾಟ ಅರ್ಧಕ್ಕೆ ನಿಂತ ಮೇಲೆ ಯೂಟ್ಯೂಬ್ ನೇರಪ್ರಸಾರಗಳು ಹೆಚ್ಚಿದವು. ಕಲಾವಿದನ ಹೆಸರು ಕಡಲಾಚೆಗೂ ಮುಟ್ಟಿತು. ಆ ಪ್ರಸಾರದ ಆದಾಯದಲ್ಲಿ ಆತನ ಪಾಲೆಷ್ಟು ಎಂಬ ಪ್ರಶ್ನೆ ಮಾತ್ರ ರಂಗಸ್ಥಳದ ಹೊರಗೇ ಉಳಿದಿದೆ.

೬. ಭದ್ರತೆ ಮತ್ತು ಅಧ್ಯಯನದ ದಾರಿ

ಸರ್ಕಾರದ ಮಾಸಾಶನ, ಅಕಾಡೆಮಿಯ ಪ್ರಶಸ್ತಿಗಳಲ್ಲದೆ, ಕಲಾವಿದರ ನೆರವಿಗೆ ನಿಂತಿರುವುದು ಸಮುದಾಯದ ಸಂಸ್ಥೆಗಳು. 1975ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕಲಾರಂಗ, 2015ರ ಯಕ್ಷಧ್ರುವ ಪಟ್ಲ ಫೌಂಡೇಶನ್ ಮೊದಲಾದವು ಮನೆ, ವಿಮೆ, ಚಿಕಿತ್ಸೆಗಳಿಗೆ ನೆರವು ನೀಡುತ್ತ ಬಂದಿವೆ. ಇವುಗಳ ಸೇವೆ ಶ್ಲಾಘ್ಯ. ಆದರೂ ದಾನವಾಗಿ ಬರುವ ಭದ್ರತೆಗೂ ದುಡಿಮೆಯ ಹಕ್ಕಾಗಿ ದೊರೆಯುವ ಭದ್ರತೆಗೂ ವ್ಯತ್ಯಾಸವಿದೆ.

‘ಕಲಾಸೇವೆ’ ಎಂಬ ಪದ ಕಲಾವಿದನನ್ನು ಗೌರವಿಸುತ್ತದೆ, ಅದೇ ಉಸಿರಿನಲ್ಲಿ ಆತನ ದುಡಿಮೆಯನ್ನು ಮರೆಮಾಡುತ್ತದೆ. ‘ಸೃಜನಶೀಲ ಉದ್ಯಮ’ ಎಂಬ ಪದ ಆತನ ದುಡಿಮೆಯನ್ನು ಲೆಕ್ಕಕ್ಕೆ ತರುತ್ತದೆ, ಆದರೆ ಹರಕೆಯ ಒಳಾರ್ಥವನ್ನು ಗ್ರಹಿಸಲಾರದು. ಈ ಎರಡರ ನಡುವೆ ಮೇಳದವರೇ ರೂಢಿಸಿಕೊಂಡ ‘ತಿರುಗಾಟ’ ಎಂಬ ದೇಸಿ ಪದವಿದೆ. ಕಲೆ, ಕಾಲ, ಪ್ರಯಾಣ, ಕೂಲಿ, ವ್ರತ ಎಲ್ಲವನ್ನೂ ಅದು ಒಳಗೊಂಡಿದೆ. ಕರಾರಿನ ರೂಢಿಗಳು, ವೇಷವಾರು ಸಂಬಳದ ಕ್ರಮ, ಮಳೆಗಾಲದ ಆದಾಯ, ನಿವೃತ್ತ ಕಲಾವಿದರ ಆರೋಗ್ಯ, ನೇಪಥ್ಯದವರ ಬದುಕು ಇವುಗಳ ಕುರಿತು ಕ್ಷೇತ್ರಕಾರ್ಯ ನಡೆಯಬೇಕಾದುದು ಈ ಪದದ ಬೆಳಕಿನಲ್ಲಿ. ಹಿರಿಯ ತಲೆಮಾರಿನ ಕಲಾವಿದರ ನೆನಪುಗಳು ಈ ಅಧ್ಯಯನದ ಮುಖ್ಯ ಆಕರಗಳು. ಅವರು ನಮ್ಮೊಡನೆ ಇರುವಾಗಲೇ ಕನ್ನಡ ವಿಭಾಗಗಳು ಅವನ್ನು ದಾಖಲಿಸಿಕೊಳ್ಳುವುದು ಅಗತ್ಯ. ಪ್ರಸಂಗದ ಪಾಠಾಂತರಗಳಿಗೆ ಸಂದ ಶ್ರದ್ಧೆ ಅದನ್ನು ಆಡಿತೋರಿಸಿದವರ ಬದುಕಿನ ಪಾಠಕ್ಕೂ ಸಲ್ಲಬೇಕಾಗಿದೆ.