ಬೋರಿಬಂದರಿನಲ್ಲಿ ಎರಡು ಗಂಟೆ

ಮುಂಬಯಿಯಲ್ಲಿ ಕಳೆದ ನಾಲ್ಕು ದಿನಗಳನ್ನು ವರ್ಣಿಸಿ ವಾಚಕರನ್ನು ದಣಿಸಲಾರೆ. ಎಲಿಫೆಂಟಾ, ಗೇಟ್‌ವೇ, ಚೌಪಾಟಿ, ಎಲ್ಲರೂ ನೋಡುವುದನ್ನೇ ನಾವೂ ಸಂಸಾರಸಮೇತ ನೋಡಿದೆವು. ಹೇಳಬೇಕಾದದ್ದು ಕೊನೆಯ ಎರಡು ಗಂಟೆಗಳ ಸಂಗತಿ.

ಊರಿಗೆ ಮರಳಲು ರೈಲುನಿಲ್ದಾಣಕ್ಕೆ ಬಂದಿದ್ದೆವು. 1887ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರು ಹೊತ್ತು, 1996ರಲ್ಲಿ ಛತ್ರಪತಿ ಶಿವಾಜಿಯ ಹೆಸರು ಪಡೆದ ಆ ಮಹಾಸೌಧವನ್ನು ನಮ್ಮ ಅಪ್ಪಯ್ಯ ಮಾತ್ರ ‘ಬೋರಿಬಂದರು’ ಎಂದೇ ಕರೆಯುತ್ತಿದ್ದರು. ಈ ಹಳೆಯ ಹೆಸರು ಅವರಿಗೆಲ್ಲಿಯದೆಂದು ನಾನು ಕೇಳಲಿಲ್ಲ. ಶಬ್ದಗಳ ಮೂಲ ಹುಡುಕುವುದೇ ನನ್ನ ಉದ್ಯೋಗ!

ಹೆಂಡತಿ ಮಕ್ಕಳನ್ನು ಸಾಮಾನಿನ ಬಳಿ ಕೂರಿಸಿ, “ಸ್ವಲ್ಪ ಬಾ” ಎಂದವರು ಯಾರನ್ನೂ ದಾರಿ ಕೇಳದೆ ಫೋರ್ಟಿನ ಗಲ್ಲಿಗಳೊಳಗೆ ನಡೆದು, ಮೊಬೈಲು ಅಂಗಡಿಯೊಂದರ ಮುಂದೆ ನಿಂತರು.

“ಇಲ್ಲಿ ಹೋಟೆಲಿತ್ತು. 1965ರಿಂದ ಮೂರು ವರ್ಷ ಲೋಟ ತೊಳೆದೆ. ರಾತ್ರಿ ಕನ್ನಡ ಶಾಲೆ.”

ಉಡುಪಿ ಕಡೆಯ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಈ ನಗರದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಕಥೆಯನ್ನು ವರ್ಷಂಪ್ರತಿ ತರಗತಿಯಲ್ಲಿ ಹೇಳುವವನು ನಾನು. ಅಂಥವರೊಬ್ಬರು ನನ್ನ ಮನೆಯಲ್ಲೇ ಇದ್ದರು.

“ಇಷ್ಟು ದಿನ ಏಕೆ ಹೇಳಲಿಲ್ಲ, ಅಪ್ಪಯ್ಯ?”

“ನಿನ್ನ ಅಜ್ಜಿಗೆ ಗುಮಾಸ್ತೆಯ ಕೆಲಸವೆಂದು ಕಾಗದ ಬರೆದಿದ್ದೆ. ಅವಳು ಊರಿಗೆಲ್ಲ ಹೇಳಿಕೊಂಡಳು. ಆಮೇಲೆ ತಿದ್ದುವುದು ಹೇಗೆ?”

ಅಂಗಡಿಯವನು ಏನು ಬೇಕೆಂದು ಹಿಂದಿಯಲ್ಲಿ ಕೇಳಿದ. ಏನೂ ಬೇಡವೆಂದು ಅಪ್ಪಯ್ಯ ಮರಾಠಿಯಲ್ಲಿ ಉತ್ತರಿಸಿದರು. ಅವರ ಬಾಯಲ್ಲಿ ಮರಾಠಿಯನ್ನು ಕೇಳಿದ್ದು ಅದೇ ಮೊದಲು.

ಗಾಡಿ ಹೊರಟ ಮೇಲೆ ಮಗಳು, “ಅಜ್ಜ, ಎಲ್ಲಿಗೆ ಹೋಗಿದ್ದಿರಿ?” ಎಂದಳು. ಅಪ್ಪಯ್ಯ ನನ್ನ ಮುಖ ನೋಡಿದರು.

“ಅಜ್ಜನ ಶಾಲೆ ಹುಡುಕಿಕೊಂಡು ಹೋಗಿದ್ದೆವು” ಎಂದೆ.