ಕಸೂತಿ ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ

ಸ್ವಸಹಾಯ ಸಂಘಗಳ ಸದಸ್ಯೆಯರು ಸಮುದಾಯ ಬಂಡವಾಳ ನಿಧಿಯಿಂದ ಅಥವಾ ಬ್ಯಾಂಕ್ ಸಾಲದಿಂದ ಖರೀದಿಸಿದ ಕಂಪ್ಯೂಟರ್ ಕಸೂತಿ ಯಂತ್ರಗಳು ಕೆಲವೆಡೆ ಬಟ್ಟೆ ಹೊದ್ದು ಮೂಲೆ ಸೇರಿವೆ. ವಿಚಾರಿಸಿದರೆ ದೊರೆಯುವ ಉತ್ತರ ಒಂದೇ: ಯಂತ್ರ ಕೆಟ್ಟಿದೆ. ಯಂತ್ರ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಮದುವೆಯ ಕಾಲದಲ್ಲಿ ಬರುವ ರವಿಕೆಯ ಕೆಲಸ ಪಟ್ಟಣದ ಅಂಗಡಿಗಳ ಪಾಲಾಗುತ್ತದೆ. ಆದರೆ ಹೀಗೆ ನಿಂತ ಯಂತ್ರದ ಮೋಟಾರು, ವಿದ್ಯುನ್ಮಾನ ಭಾಗಗಳು ಸರಿಯಾಗಿಯೇ ಇದ್ದು, ದೋಷವು ವಿನ್ಯಾಸದ ಕಡತದಲ್ಲಿ ಅಥವಾ ಬಟ್ಟೆಯನ್ನು ಬಿಗಿಹಿಡಿಯುವ ಹೂಪ್‌ನಲ್ಲಿ ಇರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸತಕ್ಕದ್ದು. ಒಕ್ಕೂಟದ ಸಭೆಗಳಿಗೆ ಹಾಜರಾಗುವ ಮಾನ್ಯ ಸದಸ್ಯರು ಈ ವ್ಯತ್ಯಾಸವನ್ನು ಅರಿತಿದ್ದರೆ ಅನವಶ್ಯಕ ದುರಸ್ತಿ ವೆಚ್ಚವನ್ನು ತಪ್ಪಿಸಬಹುದು.

ಇದನ್ನು ಪತ್ತೆಹಚ್ಚುವ ವಿಧಾನ ಸರಳವಾಗಿದೆ. ಯಂತ್ರದಲ್ಲಿಯೇ ಅಡಕವಾಗಿ ಬಂದಿರುವ ಒಂದು ಸಣ್ಣ ಹೂವಿನ ವಿನ್ಯಾಸವನ್ನು ಸಾದಾ ಹತ್ತಿ ಬಟ್ಟೆಯ ಮೇಲೆ, ಹೊಸ ಸೂಜಿ ಹಾಕಿ ಹೊಲಿಸಬೇಕು. ಅದು ಸರಿಯಾಗಿ ಮೂಡಿದರೆ ಯಂತ್ರವು ಸುಸ್ಥಿತಿಯಲ್ಲಿದೆ ಎಂದು ಬಹುಮಟ್ಟಿಗೆ ಭಾವಿಸಬಹುದು. ಹೊರಗಿನಿಂದ ತಂದ ವಿನ್ಯಾಸ ಮಾತ್ರ ಹೊಲಿಯದಿದ್ದರೆ ಕಡತವನ್ನು ನೋಡಬೇಕು. ಎಲ್ಲ ವಿನ್ಯಾಸಗಳೂ ಓರೆಯಾಗುತ್ತಿದ್ದರೆ ಹೂಪನ್ನು ನೋಡಬೇಕು.

ಯಂತ್ರಕ್ಕೆ ಚಿತ್ರ ಅರ್ಥವಾಗುವುದಿಲ್ಲ. ಸೂಜಿಯು ಎಲ್ಲಿ ಇಳಿಯಬೇಕು, ಎಲ್ಲಿ ದಾರ ಬದಲಿಸಬೇಕು ಎಂಬ ಹೊಲಿಗೆಯ ಆದೇಶಗಳ ಕಡತ ಅದಕ್ಕೆ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ನವಿಲಿನ ಛಾಯಾಚಿತ್ರವನ್ನು ಪೆನ್‌ಡ್ರೈವ್‌ಗೆ ಹಾಕಿದರೆ ಯಂತ್ರದ ಪರದೆಯಲ್ಲಿ ಏನೂ ಕಾಣದಿರುವುದು ಸಹಜ. ಬ್ರದರ್ ಯಂತ್ರಗಳಿಗೆ ಪಿಇಎಸ್, ಜಾನೋಮ್ ಯಂತ್ರಗಳಿಗೆ ಜೆಇಎಫ್ ಮಾದರಿಯ ಕಡತಗಳು ಬೇಕು. ತಾಜಿಮಾ ಕಂಪನಿಯಿಂದ ಬಳಕೆಗೆ ಬಂದ ಡಿಎಸ್‌ಟಿ ಮಾದರಿಯನ್ನು ಅನೇಕ ಯಂತ್ರಗಳು ಓದುತ್ತವೆ; ಆದರೆ ಅದರಲ್ಲಿ ದಾರದ ಬಣ್ಣದ ಮಾಹಿತಿ ಇರುವುದಿಲ್ಲ. ಆದುದರಿಂದ ಹಸಿರು ಎಲೆಯು ಪರದೆಯಲ್ಲಿ ನೇರಳೆಯಾಗಿ ಕಂಡರೆ ಗಾಬರಿಪಡಬೇಕಾಗಿಲ್ಲ, ಹಸಿರು ದಾರವನ್ನೇ ಪೋಣಿಸಬಹುದು. ಕಡತದ ಹೆಸರಿನ ಕೊನೆಯ ಮೂರು ಅಕ್ಷರಗಳನ್ನು ತಿದ್ದಿದ ಮಾತ್ರಕ್ಕೆ ಮಾದರಿ ಬದಲಾಗುವುದಿಲ್ಲ. ಅದಕ್ಕೆ ತಂತ್ರಾಂಶ ಬೇಕು. ಇಂಕ್‌ಸ್ಟಿಚ್ ಎಂಬ ಉಚಿತ ತಂತ್ರಾಂಶವು ಈ ಕೆಲಸ ಮಾಡುತ್ತದೆ. ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದಲ್ಲಿ ಅದನ್ನು ಅಳವಡಿಸಿಕೊಡುವ ಬಗ್ಗೆ ಸದಸ್ಯರು ಚಿಂತಿಸಬಹುದು.

ಮಾದರಿ ಸರಿಯಿದ್ದರೂ ವಿನ್ಯಾಸ ಕಾಣಿಸದಿದ್ದರೆ ಅಳತೆಯನ್ನು ನೋಡಬೇಕು. ‘ನಾಲ್ಕು ಇಂಚು’ ಎಂದು ಮಾರಾಟವಾಗುವ ಹೂಪ್‌ನ ಹೊಲಿಗೆಯ ಕ್ಷೇತ್ರ 100 ಮಿಲಿಮೀಟರ್ ಮಾತ್ರ. ಲೆಕ್ಕಕ್ಕೆ ನಾಲ್ಕು ಇಂಚು ಎಂದರೆ 101.6 ಮಿಲಿಮೀಟರ್. ಕೇವಲ 1.6 ಮಿಲಿಮೀಟರ್ ಹೆಚ್ಚಾದುದಕ್ಕೆ ಯಂತ್ರವು ಆ ವಿನ್ಯಾಸವನ್ನು ತೋರಿಸದೆ ಅಥವಾ ಆಯ್ಕೆಗೆ ಬಿಡದೆ ಇರಬಹುದು. ಯಂತ್ರದ ಪರದೆಯಲ್ಲಿಯೇ ಹಿಗ್ಗಿಸುವುದು, ಕುಗ್ಗಿಸುವುದು ಅಲ್ಪ ಪ್ರಮಾಣದಲ್ಲಿ ಮಾತ್ರ ಕ್ಷೇಮಕರ. ಹೊಲಿಗೆಗಳ ಸಂಖ್ಯೆ ಬದಲಾಗದ ಯಂತ್ರಗಳಲ್ಲಿ, ಹಿಗ್ಗಿಸಿದಾಗ ನಡುವೆ ಬಟ್ಟೆ ಕಾಣುತ್ತದೆ. ಕುಗ್ಗಿಸಿದಾಗ ಹೊಲಿಗೆ ಗಟ್ಟಿಯಾಗಿ ಸೂಜಿ ಮುರಿಯುತ್ತದೆ. ಸೂಜಿ ಮುರಿದುದಕ್ಕೆ ಹೊಲಿಯುವವರನ್ನು ದೂರುವುದು ಅಲ್ಲಿಂದಲೇ ಆರಂಭವಾಗುತ್ತದೆ!

ಪೆನ್‌ಡ್ರೈವ್‌ನದು ಸಣ್ಣ ವಿಷಯ. ಹಳೆಯ ಯಂತ್ರಗಳಿಗೆ ಕಡಿಮೆ ಸಾಮರ್ಥ್ಯದ, ಫ್ಯಾಟ್ 32 ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ ಡ್ರೈವ್ ಉತ್ತಮ; ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ಮೊದಲೇ ತಿಳಿಸತಕ್ಕದ್ದು. ಜಿಪ್ ಕಡತವನ್ನು ಬಿಡಿಸಿಯೇ ಹಾಕಬೇಕು. ಹೆಸರು ಚಿಕ್ಕದಾಗಿ, ಇಂಗ್ಲಿಷ್ ಅಕ್ಷರ ಹಾಗೂ ಅಂಕಿಗಳಲ್ಲಿರಲಿ.

ಹೂಪ್‌ನ ವಿಷಯಕ್ಕೆ ಹೆಚ್ಚಿನ ಗಮನ ಅಗತ್ಯ. ಹೂವಿನ ಒಳತುಂಬು ಒಂದೆಡೆ, ಅಂಚಿನ ಗೆರೆ ಇನ್ನೊಂದೆಡೆ ಬಿದ್ದಿದ್ದರೆ ಸಾಮಾನ್ಯವಾಗಿ ಬಟ್ಟೆ ಹೂಪ್‌ನೊಳಗೆ ಜಾರಿದೆ ಎಂದರ್ಥ. ಒಂದು ಹಂತದವರೆಗೆ ಸರಿಯಾಗಿದ್ದು ಅನಂತರ ಇಡೀ ವಿನ್ಯಾಸವೇ ಒಂದು ಬದಿಗೆ ಸರಿದಿದ್ದರೆ, ಹೂಪ್ ಯಾವುದಕ್ಕೋ ತಗುಲಿದೆ ಅಥವಾ ಅದನ್ನು ಹಿಡಿಯುವ ಕೊಂಡಿ ಪೂರ್ಣವಾಗಿ ಕೂತಿಲ್ಲ. ಇಕ್ಕಟ್ಟಿನ ಮನೆಗಳಲ್ಲಿ ಯಂತ್ರವನ್ನು ಗೋಡೆಗೆ ಒತ್ತಿ ಇಡುವುದುಂಟು. ಹೂಪ್ ಹಿಂದಕ್ಕೆ, ಪಕ್ಕಕ್ಕೆ ಚಲಿಸುವಾಗ ಗೋಡೆಗೆ ಬಡಿಯುತ್ತದೆ. ಮೇಜನ್ನು ಸರಿಸಿದರೆ ವೆಚ್ಚವಿಲ್ಲದೆ ದುರಸ್ತಿಯಾದಂತೆ.

ಹೊರಬಳೆಯನ್ನು ಸಮತಟ್ಟಾದ ಮೇಜಿನ ಮೇಲಿರಿಸಿ, ಅದರ ಮೇಲೆ ಆಧಾರಕ್ಕಾಗಿ ಕೊಡುವ ಕಸೂತಿ ಕಾಗದ, ಅದರ ಮೇಲೆ ಬಟ್ಟೆಯನ್ನು ಹಾಸಿ, ಗುರುತುಗಳು ಹೊಂದುವಂತೆ ಒಳಬಳೆಯನ್ನು ಒತ್ತಿ ತಿರುಪನ್ನು ಬಿಗಿಗೊಳಿಸಬೇಕು. ಬಿಗಿಗೊಳಿಸಿದ ಮೇಲೆ ಬಟ್ಟೆಯನ್ನು ಜಗ್ಗಬಾರದು: ಹೂಪ್ ತೆಗೆದಾಗ ಜಗ್ಗಿದ ಬಟ್ಟೆ ಹಿಂದಿರುಗಿ, ಕಸೂತಿಯ ಸುತ್ತ ನೆರಿಗೆ ಬೀಳುತ್ತದೆ. ಹಣ ಉಳಿಸಲು ಕಾಗದವನ್ನು ಬಿಡುವುದು, ನನ್ನ ಅಭಿಪ್ರಾಯದಲ್ಲಿ, ಅತಿ ದುಬಾರಿಯಾದ ಉಳಿತಾಯ. ರೇಷ್ಮೆಯ ಮೇಲೆ ಬಳೆಯ ಗುರುತು ಉಳಿಯುವುದಾದರೆ ಕಾಗದವನ್ನು ಮಾತ್ರ ಹೂಪ್‌ಗೆ ಹಾಕಿ, ಬಟ್ಟೆಯನ್ನು ಅದರ ಮೇಲಿರಿಸಿ ಸುತ್ತಲೂ ಉದ್ದ ಟಾಕು ಹಾಕಿಕೊಳ್ಳಬಹುದು. ಹಾಕಿರುವ ಹೂಪ್ ಯಾವುದೋ ಅದನ್ನೇ ಪರದೆಯಲ್ಲಿಯೂ ಆಯ್ಕೆ ಮಾಡಿರಬೇಕು. ಇಲ್ಲವಾದರೆ ಸೂಜಿ ಚೌಕಟ್ಟಿಗೆ ಬಡಿದು, ಆಗ ಯಂತ್ರ ನಿಜವಾಗಿಯೂ ಕೆಡಬಹುದು.

ಇನ್ನೊಂದು ಅಂಶ. ಯಂತ್ರದಲ್ಲಿ ಮೂಡಿದ ಗೋಪುರ, ತೇರುಗಳನ್ನು ಧಾರವಾಡದ ಕಸೂತಿ ಎಂದು ಮಾರಬಾರದು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಕಲೆಯು ಎಳೆಗಳನ್ನು ಎಣಿಸಿ ಕೈಯಿಂದ ಹಾಕುವಂಥದು. ಅದನ್ನೇ ನಂಬಿ ಬದುಕುವ ಮಹಿಳೆಯರಿದ್ದಾರೆ.

ಹೊಸ ಯಂತ್ರಕ್ಕೆ ಅಥವಾ ದುರಸ್ತಿಗೆ ಬೇಡಿಕೆ ಬಂದಾಗ, ಯಂತ್ರದೊಳಗಿನ ವಿನ್ಯಾಸದ ಹೊಲಿಗೆ ಮಾದರಿಯನ್ನೂ ವಿಫಲವಾದ ಬಟ್ಟೆಯನ್ನೂ ಸಭೆಗೆ ತರುವಂತೆ ಸದಸ್ಯರು ಕೋರುವುದು ಸೂಕ್ತ. ಹೊಸ ಖರೀದಿಯಾದಲ್ಲಿ ಹೊಲಿಗೆಯ ಕ್ಷೇತ್ರದ ಅಳತೆ ಮಿಲಿಮೀಟರ್‌ನಲ್ಲಿ, ಓದಬಲ್ಲ ಕಡತ ಮಾದರಿಗಳು, ಜೊತೆಗೆ ಬರುವ ಹೂಪ್‌ಗಳ ಸಂಖ್ಯೆ ಹಾಗೂ ತರಬೇತಿಯ ದಿನಗಳನ್ನು ದರಪಟ್ಟಿಯಲ್ಲಿಯೇ ಬರೆಸಿಕೊಳ್ಳತಕ್ಕದ್ದು.