ಬಾಣವಿಲ್ಲದ ಚಿತ್ರ

ಯಶವಂತಪುರದ ಕಡೆಯ ಒಂದು ಮೆಡಿಕಲ್ ಕಾಲೇಜು. ಸಂಜೆ ಒಪಿಡಿಯ ಗದ್ದಲ ಇಳಿದ ಮೇಲೆ ರೇಡಿಯಾಲಜಿ ವಿಭಾಗದ ಸೆಮಿನಾರ್ ಕೋಣೆಗೆ ಪರದೆ ಎಳೆಯುತ್ತಾರೆ. ಗೋಡೆಯ ಮೇಲಿನ ವ್ಯೂ ಬಾಕ್ಸುಗಳು ಎರಡು ಸಲ ಮಿಣುಕಿ ಬೆಳ್ಳಗೆ ಹೊತ್ತಿಕೊಳ್ಳುತ್ತವೆ. ಮೇಡಂ ಖಾಕಿ ಕವರಿನಿಂದ ಫಿಲ್ಮ್ ಹೊರಗೆಳೆದು ಕ್ಲಿಪ್ಪಿಗೆ ಸಿಕ್ಕಿಸುತ್ತಾರೆ. ಒಂದು ಎದೆಯ ಎಕ್ಸ್‌ರೇ.

ಎದುರಿಗೆ ನಿಂತ ಪಿಜಿ ಹುಡುಗಿ ಬಾಯಿ ಬಿಡುವುದಿಲ್ಲ. ಅವಳ ಕಣ್ಣು ಮೊದಲು ಮೂಲೆಯಲ್ಲಿರುವ ‘ಆರ್’ ಗುರುತಿಗೆ ಹೋಗುತ್ತದೆ; ಬಲ ಯಾವುದು, ಎಡ ಯಾವುದು ಎಂದು ಖಾತ್ರಿಯಾಗಬೇಕು. ಅಲ್ಲಿಂದ ಶ್ವಾಸನಾಳ, ಹೃದಯದ ಅಂಚು, ಹೃದಯದ ಹಿಂಭಾಗ, ಡಯಾಫ್ರಾಮಿನ ಕೆಳಗೆ, ಪಕ್ಕೆಲುಬುಗಳು ಒಂದೊಂದಾಗಿ. ಎರಡು ಹೆಜ್ಜೆ ಹಿಂದೆ ಸರಿದು ಇಡೀ ಫಿಲ್ಮನ್ನು ನೋಡುತ್ತಾಳೆ, ಮತ್ತೆ ಹತ್ತಿರ ಬರುತ್ತಾಳೆ. ಬಲ ಶ್ವಾಸಕೋಶದ ತುದಿಯಲ್ಲಿ ಬೆರಳು ನಿಲ್ಲುತ್ತದೆ.

“ಮೇಡಂ, ಇಲ್ಲೊಂದು ಗೆರೆ ಇದೆ. ಅದರಿಂದಾಚೆ ಲಂಗ್ ಮಾರ್ಕಿಂಗ್ಸ್ ಕಾಣ್ತಿಲ್ಲ.”

“ಸರಿ. ಏನದು?”

“ನ್ಯೂಮೊಥೊರಾಕ್ಸ್, ಮೇಡಂ. ಶ್ವಾಸಕೋಶದ ಹೊರಗೆ ಗಾಳಿ ಸೇರಿದೆ.”

ಎಂ.ಡಿ. ಪರೀಕ್ಷೆಯ ಸ್ಪಾಟರ್ ಎಂದರೆ ಇದೇ. ಹೆಸರು ಹೇಳುವುದಕ್ಕೆ ಮುಂಚಿನ ಆ ಮೌನದಲ್ಲಿ ಅವಳ ಕಣ್ಣು ನಡೆದ ದಾರಿಯೇ ಅವಳ ವಿದ್ಯೆ. ಈ ಪರೀಕ್ಷೆಯನ್ನು ಬ್ರೌಸರಿಗೆ ತರುವ ಕೆಲಸಕ್ಕೆ ಕೈಹಾಕಿದಾಗ ನಮಗೆ ಮನದಟ್ಟಾದ ಮೊದಲ ಸಂಗತಿಯೂ ಅದೇ. ಚಿತ್ರದ ಮೇಲೊಂದು ಬಾಣ ಇಟ್ಟು, ಕೆಳಗೆ ನಾಲ್ಕು ಆಯ್ಕೆ ಕೊಟ್ಟು, ಪಕ್ಕದಲ್ಲಿ ಗಡಿಯಾರ ಓಡಿಸುವ ಕ್ವಿಜ್ ಸಾಫ್ಟ್‌ವೇರುಗಳು ಎಷ್ಟೋ ಇವೆ. ಆದರೆ ಬಾಣ ಇಟ್ಟ ಮೇಲೆ ನೋಡುವ ಕೆಲಸ ಮುಗಿದೇಹೋಯಿತು. ಉಳಿದದ್ದು ನೆನಪಿನ ಪರೀಕ್ಷೆ. ಹಾಗಾಗಿ ನಮ್ಮ ಕ್ವಿಜ್‌ನಲ್ಲಿ ಬಾಣವಿಲ್ಲ. ದೋಷ ಎಲ್ಲಿದೆ ಎನ್ನುವುದನ್ನು ವಿದ್ಯಾರ್ಥಿಯೇ ಹುಡುಕಿ ಅಲ್ಲಿ ಕ್ಲಿಕ್ ಮಾಡಬೇಕು. ಇಲ್ಲವಾದರೆ ‘ನಾರ್ಮಲ್’ ಎಂದು ಧೈರ್ಯವಾಗಿ ಒತ್ತಬೇಕು.

ಆ ‘ನಾರ್ಮಲ್’ ಗುಂಡಿಯ ಪರವಾಗಿ ನಾನು ಯಾರ ಜೊತೆ ಬೇಕಾದರೂ ವಾದಕ್ಕೆ ನಿಲ್ಲುತ್ತೇನೆ. ಪರೀಕ್ಷೆಗೆ ಇಟ್ಟಿದ್ದಾರೆಂದ ಮೇಲೆ ಏನೋ ಇದ್ದೇ ಇರುತ್ತದೆ ಎಂಬ ನಂಬಿಕೆಯಲ್ಲಿ ಬೆಳೆದವರು ನಾಳೆ ವಾರ್ಡಿನಲ್ಲಿ ಇಲ್ಲದ ರೋಗವನ್ನು ಕಾಣುತ್ತಾರೆ. ಬ್ರಿಟನ್ನಿನಲ್ಲಿ ರೇಡಿಯಾಲಜಿಸ್ಟರಾಗುವವರು ಬರೆಯುವ ಎಫ್‌ಆರ್‌ಸಿಆರ್ ಪರೀಕ್ಷೆಯಲ್ಲಿ ಬಹುಕಾಲ 35 ನಿಮಿಷದಲ್ಲಿ 30 ಎಕ್ಸ್‌ರೇ ನೋಡಿ ತೀರ್ಮಾನ ಹೇಳುವ ಸುತ್ತೊಂದಿತ್ತು. ಹೆಚ್ಚುಕಡಿಮೆ ಅರ್ಧದಷ್ಟು ಚಿತ್ರಗಳಲ್ಲಿ ಏನೂ ಇರುತ್ತಿರಲಿಲ್ಲ. ಏನೂ ಇಲ್ಲ ಎಂದು ಹೇಳುವುದಕ್ಕೆ ಎಷ್ಟು ಕಲಿತಿರಬೇಕು ಎಂಬುದು ಆ ಕುರ್ಚಿಯಲ್ಲಿ ಕೂತವರಿಗೇ ಗೊತ್ತು.

ಇನ್ನೊಂದು ಅಪಾಯ, ಒಂದು ದೋಷ ಸಿಕ್ಕಿದ ಕೂಡಲೇ ಹುಡುಕಾಟ ನಿಲ್ಲಿಸಿಬಿಡುವುದು. ಅಕ್ಕಿ ಆರಿಸುವವರು ಒಂದು ಕಲ್ಲು ಸಿಕ್ಕಿತೆಂದು ಮೊರ ಕೆಳಗಿಡುವುದಿಲ್ಲವಲ್ಲ! ಹುಡುಕುತ್ತಿರುವುದರ ಆಚೆಗೆ ಕಣ್ಣು ಹೋಗದಿರುವುದೂ ಇದೆ. ಅಮೆರಿಕದಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಶ್ವಾಸಕೋಶದ ಗಂಟು ಹುಡುಕುತ್ತಿದ್ದ 24 ರೇಡಿಯಾಲಜಿಸ್ಟರ ಮುಂದಿನ ಸಿ.ಟಿ. ಚಿತ್ರಗಳಲ್ಲಿ ಗೊರಿಲ್ಲಾದ ಆಕೃತಿಯೊಂದನ್ನು ಸೇರಿಸಿದ್ದರು. 20 ಜನರಿಗೆ ಅದು ಕಾಣಲೇ ಇಲ್ಲ. ಅವರೆಲ್ಲ ನುರಿತವರೇ. ಕಣ್ಣು ಏನನ್ನು ಹುಡುಕುತ್ತಿತ್ತೋ ಅದನ್ನಷ್ಟೇ ಕಂಡಿತು. ಅದಕ್ಕೇ ನಮ್ಮ ಕೆಲವು ಚಿತ್ರಗಳಲ್ಲಿ ಎರಡು ದೋಷ ಇಟ್ಟಿದ್ದೇವೆ, ಎಷ್ಟಿವೆ ಎಂದು ಮಾತ್ರ ಹೇಳುವುದಿಲ್ಲ.

ಸಿ.ಟಿ.ಯದ್ದು ಬೇರೆಯೇ ಲೆಕ್ಕ. ಅದರಲ್ಲಿ ಸಾಂದ್ರತೆಯನ್ನು ಅಳೆಯುವ ಹೌನ್ಸ್‌ಫೀಲ್ಡ್ ಮಾಪನದಲ್ಲಿ ನೀರು 0, ಗಾಳಿ ಮೈನಸ್ 1000. ಒಂದೊಂದು ಬಿಂದುವಿನಲ್ಲೂ 4096 ಮಟ್ಟಗಳಿಗೆ ಜಾಗವಿದೆ. ಮಾಮೂಲಿ ಪರದೆ ತೋರಿಸುವುದು ಬೂದುಬಣ್ಣದ 256 ಛಾಯೆ. ಯಾವ ಭಾಗವನ್ನು ಆ 256ರೊಳಗೆ ಹರಡಬೇಕು ಎಂದು ಆರಿಸುವುದಕ್ಕೆ ವಿಂಡೋ ಎನ್ನುತ್ತಾರೆ. ಮಿದುಳಿನ ವಿಂಡೋದಲ್ಲಿ ತಲೆಬುರುಡೆಯ ಬಿಳುಪಿಗೆ ಅಂಟಿಕೊಂಡ ತೆಳ್ಳನೆಯ ರಕ್ತಸ್ರಾವ ಬುರುಡೆಯಲ್ಲೇ ಕರಗಿಹೋಗುತ್ತದೆ. ವಿಂಡೋ ಅಗಲ ಮಾಡಿದರೆ ಬೇರೆಯಾಗಿ ಕಾಣುತ್ತದೆ. ಒಂದು ಜೆಪೆಗ್ ಹಾಕಿ ಪ್ರಶ್ನೆ ಕೇಳಿದರೆ ಆ ಆಯ್ಕೆಯನ್ನು ಪ್ರಶ್ನೆ ಹಾಕಿದವರೇ ಮಾಡಿಬಿಟ್ಟಂತೆ. ಹೀಗಾಗಿ ಸ್ಕ್ಯಾನರಿನಿಂದ ಬಂದ ಮೂಲ ಡೈಕಾಮ್ ಫೈಲನ್ನೇ ಬ್ರೌಸರಿಗೆ ಕಳಿಸುತ್ತೇವೆ. ಬೆಲ್ಜಿಯಂನ ಲಿಯೇಜ್ ನಗರದ ಆಸ್ಪತ್ರೆಯಲ್ಲಿ ಹುಟ್ಟಿದ ಆರ್ಥಾಂಕ್ ಎಂಬ ಮುಕ್ತ ಸರ್ವರ್ ಹಿಂದೆ, ಕಾರ್ನರ್‌ಸ್ಟೋನ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಮುಂದೆ. ಒಂದು ಸ್ಲೈಸ್ ಅರ್ಧ ಎಂಬಿ. 300 ಸ್ಲೈಸಿನ ಒಂದು ಕೇಸನ್ನು 30 ಜನ ಒಟ್ಟಿಗೆ ತೆರೆದರೆ ನಾಲ್ಕೂವರೆ ಜಿಬಿ ಹರಿಯಬೇಕು. ಪರೀಕ್ಷೆಯ ದಿನ ಇಂಟರ್ನೆಟ್ಟನ್ನು ನಂಬುವಂತಿಲ್ಲ. ಸರ್ವರ್ ಕ್ಯಾಂಪಸ್ಸಿನೊಳಗೇ ಕೂತಿದೆ.

ಕಂಪ್ಯೂಟರ್ ಲ್ಯಾಬಿನ ಮಾನಿಟರುಗಳು ರಿಪೋರ್ಟಿಂಗ್ ಕೋಣೆಯವುಗಳಷ್ಟು ಪ್ರಖರವಲ್ಲ. ನ್ಯೂಮೊಥೊರಾಕ್ಸಿನ ಆ ಗೆರೆ ಕೆಲವುಗಳಲ್ಲಿ ಕಾಣುವುದೇ ಇಲ್ಲ. ವಿದ್ಯಾರ್ಥಿಯ ಕಣ್ಣಿನ ಬದಲು ಮಾನಿಟರಿನ ಪರೀಕ್ಷೆ ಆಗಬಾರದೆಂದು, ಲ್ಯಾಬಿನಲ್ಲೇ ಅತ್ಯಂತ ಮಂಕಾದ ಮಾನಿಟರಿನಲ್ಲಿ ಕಂಡ ಚಿತ್ರಕ್ಕಷ್ಟೇ ಪ್ರಶ್ನೆಯಾಗುವ ಅರ್ಹತೆ. ಫೈಲಿನ ಹೆಸರೂ ಗುಟ್ಟು ಬಿಟ್ಟುಕೊಡುತ್ತದೆ. ಬಹಳ ವರ್ಷದಿಂದ ಕೂಡಿಟ್ಟ ಸಂಗ್ರಹಗಳಲ್ಲಿ ರೋಗದ ಹೆಸರನ್ನೇ ಫೈಲಿಗೆ ಇಟ್ಟಿರುತ್ತಾರೆ. ಬ್ರೌಸರಿಗೆ ಹೋಗುವ ಮುಂಚೆ ಅದು ಬರೀ ಅಂಕಿಯಾಗಬೇಕು.

ರೋಗಿಯ ಹೆಸರಿನ ವಿಷಯದಲ್ಲಂತೂ ಸಡಿಲಿಕೆ ಸಲ್ಲದು. ಡೈಕಾಮ್ ಫೈಲಿನ ಒಳಗೆ ಹೆಸರು, ವಯಸ್ಸು, ಆಸ್ಪತ್ರೆಯ ನಂಬರು ಎಲ್ಲ ಕೂತಿರುತ್ತವೆ. ಅವನ್ನು ಪ್ರೋಗ್ರಾಮಿನಿಂದ ಅಳಿಸಬಹುದು. ಆದರೆ ಅಲ್ಟ್ರಾಸೌಂಡ್ ಚಿತ್ರದ ನೆತ್ತಿಯಲ್ಲಿ ಅಚ್ಚಾಗಿರುವ ಹೆಸರು, ಹಳೆಯ ಫಿಲ್ಮಿನ ಮೂಲೆಯಲ್ಲಿ ಕೈಬರಹದಲ್ಲಿರುವ ಹೆಸರು ಚಿತ್ರದ್ದೇ ಭಾಗ. ಒಬ್ಬರು ಕೂತು ಕಣ್ಣಾರೆ ನೋಡಿ ಕಪ್ಪು ಬಳಿಯಬೇಕು. ತಲೆಯ ತೆಳು ಸ್ಲೈಸುಗಳನ್ನು ಜೋಡಿಸಿದರೆ ಮುಖವೇ ಮೂಡಿಬರುತ್ತದೆ, ಅದನ್ನೂ ಮರೆಮಾಡಬೇಕು. ನೋವು ತಿಂದು ಮಲಗಿದವರ ದೇಹ ನಮ್ಮ ಮಕ್ಕಳಿಗೆ ಪಾಠವಾಗುತ್ತಿದೆ. ಅವರಿಗೆ ನಾವು ಕೊಡಬೇಕಾದ ಕನಿಷ್ಠ ಗೌರವ ಇದು.

ಇನ್ನು ಸರಿಯುತ್ತರ ಯಾರದು? ಈ ಪ್ರಶ್ನೆ ಹಳೆಯದು. ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದು ಬೆಂಗಳೂರಿನೊಳಗೆ ಬರುವಾಗ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸಿಗುತ್ತದೆ. 1959ರಲ್ಲಿ ಶುರುವಾಗಿ, ಮರುವರ್ಷ ನೆಹರೂ ಉದ್ಘಾಟಿಸಿದ ಸಂಸ್ಥೆ. ಅಲ್ಲಿಯವರು 1960–61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಎಕ್ಸ್‌ರೇ ಗಾಡಿ ಒಯ್ದು, ಜನರ ಎದೆಯನ್ನು ಪುಟ್ಟ ಫಿಲ್ಮುಗಳಲ್ಲಿ ಹಿಡಿದು ತಂದು ಓದಿದರು. ಇಂಥ ಸಮೀಕ್ಷೆಗಳಲ್ಲಿ ಒಂದೇ ಫಿಲ್ಮನ್ನು ಇಬ್ಬರು ಬೇರೆಬೇರೆಯಾಗಿ ಓದುವುದು ಪದ್ಧತಿ. 1940ರ ದಶಕದಲ್ಲೇ ಅಮೆರಿಕದ ಅಧ್ಯಯನಗಳು ತೋರಿಸಿದ್ದವು: ಕ್ಷಯದ ಫಿಲ್ಮುಗಳಲ್ಲಿ ಅನುಭವಿಗಳ ನಡುವೆಯೂ ಒಮ್ಮತವಿರುವುದಿಲ್ಲ, ಅದೇ ಫಿಲ್ಮನ್ನು ಇನ್ನೊಮ್ಮೆ ಕೊಟ್ಟರೆ ಕೆಲವರು ತಮ್ಮ ಮಾತನ್ನೇ ಬದಲಿಸುತ್ತಾರೆ.

ಇಬ್ಬರು ಬೇರೆಬೇರೆಯಾಗಿ ಓದುವ ಆ ಶಿಸ್ತನ್ನೇ ನಾವೂ ಪಾಲಿಸುತ್ತಿದ್ದೇವೆ. ಪ್ರತಿ ಚಿತ್ರದ ಮೇಲೂ ಇಬ್ಬರು ಡಾಕ್ಟರು, ಒಬ್ಬರದ್ದು ಇನ್ನೊಬ್ಬರಿಗೆ ಕಾಣದಂತೆ, ದೋಷದ ಸುತ್ತ ಗೆರೆ ಎಳೆಯುತ್ತಾರೆ. ಎರಡು ಗೆರೆ ಕೂಡಿದ ಜಾಗದಲ್ಲಿ ಕ್ಲಿಕ್ ಬಿದ್ದರೆ ಅಂಕ. ಮೊನ್ನೆ ಎಡ ಶ್ವಾಸಕೋಶದ ಬೇರಾದ ಹೈಲಮ್ ಹತ್ತಿರದ ಮಸುಕು ನೆರಳೊಂದು ಬಂತು. ಇಬ್ಬರಲ್ಲೊಬ್ಬರಾದ ಸರ್ ಅದು ಗಂಟು ಎಂದು ಸುತ್ತ ಗೆರೆ ಎಳೆದಿದ್ದರು. ಮೇಡಂ ಅದು ಬರೀ ರಕ್ತನಾಳ ಎಂದು ‘ನಾರ್ಮಲ್’ ಒತ್ತಿದ್ದರು. ಇಬ್ಬರೂ ಪರದೆಯ ಮುಂದೆ ಬಹಳ ಹೊತ್ತು ನಿಂತರು, ವಿಂಡೋ ತಿರುಗಿಸಿದರು, ಹಿಗ್ಗಿಸಿದರು. ಯಾರೂ ಜಗ್ಗಲಿಲ್ಲ.

“ಇದನ್ನ ಪರೀಕ್ಷೆಗೆ ಹಾಕ್ಬೇಡಿ,” ಎಂದರು ಮೇಡಂ. “ಆದರೆ ತೆಗೆದೂ ಹಾಕ್ಬೇಡಿ. ಗುರುವಾರದ ಕ್ಲಾಸಿಗಿರಲಿ. ನಾವಿಬ್ಬರೂ ಏನಂದಿದ್ದೀವಿ ಅಂತ ಮಕ್ಕಳು ನೋಡ್ಲಿ, ಅವರೂ ಒಂದು ಮಾತು ಹೇಳ್ಲಿ.”

ಅದಕ್ಕೆಂದೇ ‘ಚರ್ಚೆಗೆ’ ಎಂಬ ಗುಂಡಿ ಸೇರಿಸಿದೆವು. ಪರೀಕ್ಷೆಯ ಪಟ್ಟಿಗಿಂತ ಆ ಪಟ್ಟಿಯೇ ಈಗ ಬೇಗ ಬೆಳೆಯುತ್ತಿದೆ.